ಘಾಟಿ ಇಳಿದು ಹತ್ತುವ ಸಣ್ಣ ವಿಮಾನ: ಕೊಡಗಿನ ಪ್ರಯಾಣಿಕರ ಸೌಕರ್ಯ ಎಲ್ಲಿ ಕೆಡುತ್ತಿದೆ?

ಕುಶಾಲನಗರದ ಪಕ್ಕದ ಕೂಡಿಗೆಯಲ್ಲಿ ಕಿರು ವಿಮಾನ ನಿಲ್ದಾಣ ಕಟ್ಟುವ ಪ್ರಸ್ತಾವ ಸುದ್ದಿಗೆ ಬಂದಾಗಲೆಲ್ಲ ಕೊಡಗಿನಲ್ಲಿ ಎರಡು ಬಗೆಯ ಮಾತು ಏಳುತ್ತದೆ. ಪ್ರವಾಸೋದ್ಯಮಕ್ಕೆ ಒಳ್ಳೆಯದು ಎನ್ನುವವರು ಒಂದು ಕಡೆ. ಈಗ ಬರುತ್ತಿರುವ ಪ್ರವಾಸಿಗರ ಹೊರೆಯನ್ನೇ ಈ ಬೆಟ್ಟಗಳು ತಾಳುತ್ತಿಲ್ಲ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಆದರೆ ಇಬ್ಬರೂ ಎತ್ತದ ಪ್ರಶ್ನೆಯೊಂದು ಉಳಿದುಬಿಡುತ್ತದೆ: ಸಣ್ಣ ವಿಮಾನದಲ್ಲಿ ಕುಳಿತು ಹೋಗುವ ಮನುಷ್ಯರಿಗೆ, ಅದರಲ್ಲೂ ವಯಸ್ಸಾದವರಿಗೆ, ಮಕ್ಕಳನ್ನು ಕರೆದುಕೊಂಡು ಹೊರಟವರಿಗೆ ಆ ಪ್ರಯಾಣ ಹೇಗಿರುತ್ತದೆ?

ಕೊಡಗಿನವರಿಗೆ ಸಣ್ಣ ವಿಮಾನ ಹೊಸದೇನೂ ಅಲ್ಲ. ರೈಲು ಹಳಿಯೂ ವಿಮಾನ ನಿಲ್ದಾಣವೂ ಇಲ್ಲದ ಜಿಲ್ಲೆಯಿಂದ ದೂರದೂರಿಗೆ ಹಾರಬೇಕೆಂದರೆ ಮೊದಲು ಬೆಟ್ಟ ಇಳಿಯಬೇಕು. ದಕ್ಷಿಣ ಕೊಡಗಿನವರು ಪೆರುಂಬಾಡಿ ದಾಟಿ, ಮಾಕುಟ್ಟದ ಕಾಡಿನ ತಿರುವುಗಳನ್ನು ಇಳಿದು, ಕೂಟುಪುಳ, ಇರಿಟ್ಟಿ ಮೂಲಕ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣ ಸೇರುತ್ತಾರೆ. 2018ರ ಡಿಸೆಂಬರ್‌ನಲ್ಲಿ ಆ ನಿಲ್ದಾಣ ತೆರೆದ ಮೇಲೆ ವಿರಾಜಪೇಟೆಯವರಿಗೆ ಅದೇ ಹತ್ತಿರ. ಮಡಿಕೇರಿಯವರು ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರಿನ ಮೇಲೆ ಮಂಗಳೂರಿಗೆ ಹೋಗುತ್ತಾರೆ. ಇಲ್ಲವಾದರೆ ಹುಣಸೂರು ದಾಟಿ ಮೈಸೂರಿಗೆ. ಈ ಮೂರರಲ್ಲಿ ಮೈಸೂರಿನ ಮಂಡಕಳ್ಳಿ ನಿಲ್ದಾಣದ ರನ್‌ವೇ 1,740 ಮೀಟರ್ ಮಾತ್ರ. ಮಂಗಳೂರಿನದು 2,450 ಮೀಟರ್, ಕಣ್ಣೂರಿನದು 3,050. ಮೈಸೂರಿನ ರನ್‌ವೇಯನ್ನು 2,750 ಮೀಟರಿಗೆ ಹಿಗ್ಗಿಸುವ ಯೋಜನೆ ಇದ್ದರೂ ನಂಜನಗೂಡು ಹೆದ್ದಾರಿ ಅಡ್ಡ ಬರುವುದರಿಂದ ಅದು ಸುಲಭದ ಕೆಲಸವಲ್ಲ. ಹಾಗಾಗಿ ಅಲ್ಲಿ ಹತ್ತುವವರು ಬಹುತೇಕ ಎಟಿಆರ್ ಎಂಬ ಎರಡು ಪ್ರೊಪೆಲ್ಲರ್‌ಗಳ ವಿಮಾನವನ್ನೇ ಹತ್ತುತ್ತಾರೆ.

ಈ ವಿಮಾನದ ಬಗ್ಗೆ ಕೊಡಗಿನ ಮದುವೆ ಮನೆಗಳಲ್ಲಿ, ಕಾಫಿ ತೋಟದ ಕಣಗಳಲ್ಲಿ ಕೇಳಿಬರುವ ದೂರುಗಳು ಒಂದೇ ತೆರನಾದವು. ಇಕ್ಕಟ್ಟು, ಸದ್ದು ಜಾಸ್ತಿ, ವಿಪರೀತ ಕುಲುಕುತ್ತದೆ, ಕುಳಿತೊಡನೆ ಬೆವರು ಕಿತ್ತುಬರುತ್ತದೆ. ಇವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ನನಗೆ ಕಾಣುವುದು ಇಷ್ಟು: ವಿಮಾನದ ಮೇಲೆ ನಾವು ಹೊರಿಸುವ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರದಲ್ಲ. ಅವು ನೆಲದ ಮೇಲಿನ ವ್ಯವಸ್ಥೆಯ ತಪ್ಪುಗಳು, ಮನಸ್ಸು ಮಾಡಿದರೆ ಸರಿಪಡಿಸಬಹುದಾದವು.

ಇಕ್ಕಟ್ಟಿನ ಲೆಕ್ಕ

ಮೊದಲು ಆಸನ. ಎಟಿಆರ್-72 ವಿಮಾನದ ಒಳಗಿನ ಅಗಲ ಸುಮಾರು 2.57 ಮೀಟರ್. ನಡುವಿನ ದಾರಿಯಲ್ಲಿ ತಲೆಗೆ ಸಿಗುವ ಎತ್ತರ 1.91 ಮೀಟರ್. ಆರಡಿ ಮೀರಿದ ಮನುಷ್ಯ, ಕೊಡಗಿನಲ್ಲಿ ಅಂಥವರಿಗೆ ಕೊರತೆಯಿಲ್ಲ, ಒಳಗೆ ಬಂದೊಡನೆ ತಾನಾಗಿಯೇ ತಲೆ ತಗ್ಗಿಸುತ್ತಾನೆ. ಇಕ್ಕಟ್ಟು ಎನ್ನುವ ಭಾವನೆ ಹುಟ್ಟುವುದು ಇಲ್ಲಿಯೇ. ಆದರೆ ಕುಳಿತ ಮೇಲೆ ಅಳೆದು ನೋಡಿದರೆ ಆಸನದ ಅಗಲ 17–18 ಅಂಗುಲ, ಮುಂದಿನ ಆಸನಕ್ಕೂ ನಮ್ಮ ಆಸನಕ್ಕೂ ನಡುವಿನ ಅಂತರ 28ರಿಂದ 30 ಅಂಗುಲದ ಆಸುಪಾಸು. ದೇಶದೊಳಗೆ ಹಾರುವ ದೊಡ್ಡ ಜೆಟ್ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿಯೂ ಸಿಗುವುದು ಹೆಚ್ಚುಕಡಿಮೆ ಇಷ್ಟೇ ಜಾಗ. ಎಟಿಆರ್‌ನಲ್ಲಿ ಆಚೆ ಎರಡು, ಈಚೆ ಎರಡು ಆಸನ. ಇಬ್ಬರ ನಡುವೆ ಸಿಕ್ಕಿಕೊಳ್ಳುವ ಮಧ್ಯದ ಆಸನವೇ ಇಲ್ಲ. ಗಂಡ ಹೆಂಡತಿ ಇಬ್ಬರೇ ಹೊರಟರೆ ಇದಕ್ಕಿಂತ ಅನುಕೂಲದ ಜೋಡಣೆ ಜೆಟ್ ವಿಮಾನದ ಸಾಮಾನ್ಯ ದರ್ಜೆಯಲ್ಲಿ ಇಲ್ಲ.

ಹಾಗಿದ್ದರೆ ಅದೇ ವಿಮಾನದಲ್ಲಿ ಕೆಲವೆಡೆ 70 ಆಸನ, ಇನ್ನು ಕೆಲವೆಡೆ 78 ಆಸನ ಇರುವುದೇಕೆ? ಇದರ ಹಿಂದೆ ನಮ್ಮ ದೇಶದ ನಿಯಮಗಳಿವೆ. 80ಕ್ಕಿಂತ ಕಡಿಮೆ ಆಸನಗಳ ವಿಮಾನವನ್ನು ದೇಶದೊಳಗಿನ ನಿಗದಿತ ಸೇವೆಗೆ ಬಳಸಿದರೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ ಇಳಿಯುವ ಶುಲ್ಕ ಇಲ್ಲ. 40 ಟನ್‌ಗಿಂತ ಕಡಿಮೆ ತೂಕದ ವಿಮಾನಗಳಿಗೆ ಹಾಕುವ ಇಂಧನದ ಮೇಲೆ ಮಾರಾಟ ತೆರಿಗೆಯೂ ಕಡಿಮೆ. ರಿಯಾಯಿತಿಯ ಗಡಿ 80 ಎಂದಾದ ಮೇಲೆ ಅದರ ಒಳಗೇ ಎಷ್ಟು ಆಸನ ತುಂಬಲು ಸಾಧ್ಯವೋ ಅಷ್ಟನ್ನು ಕಂಪನಿಗಳು ತುಂಬುತ್ತವೆ. 50 ಆಸನಕ್ಕೆ ಒಬ್ಬರಂತೆ ಗಗನಸಖಿಯರು ಇರಬೇಕಾದ್ದರಿಂದ 78 ಜನಕ್ಕೂ ಇಬ್ಬರು ಸಾಕು. ಸಣ್ಣ ಊರುಗಳಿಗೆ ವಿಮಾನ ಬರಲಿ ಎಂದು ಕೊಟ್ಟ ರಿಯಾಯಿತಿ ಒಳ್ಳೆಯದೇ. ಅದಿಲ್ಲದಿದ್ದರೆ ಮೈಸೂರು, ಹುಬ್ಬಳ್ಳಿಗಳಿಗೆ ಇಷ್ಟು ಹಾರಾಟಗಳೂ ಇರುತ್ತಿರಲಿಲ್ಲ. ಆದರೆ ಆ ರಿಯಾಯಿತಿಯ ಜೊತೆಗೆ ಮೊಣಕಾಲಿಗೆ ಇಷ್ಟು ಜಾಗ ಬಿಡಬೇಕು ಎಂಬ ಷರತ್ತನ್ನೂ ಸೇರಿಸಬಹುದಿತ್ತು.

ಜಾಗದ ವಿಷಯದಲ್ಲಿ ನಿಜವಾಗಿ ಗಮನಿಸಬೇಕಾದ್ದು ಶೌಚಾಲಯ. 78 ಜನರಿಗೆ ಒಂದೇ. ಒಂದು ಗಂಟೆಯ ಹಾರಾಟದಲ್ಲಿ ಏರುವಾಗ, ಇಳಿಯುವಾಗ, ಮೋಡ ದಾಟುವಾಗ ಸೀಟ್ ಬೆಲ್ಟ್ ದೀಪ ಹೊತ್ತಿರುತ್ತದೆ. ಉಳಿದ ಅರ್ಧ ಗಂಟೆಯಲ್ಲಿ ತಿಂಡಿಯ ಗಾಡಿ ನಡುದಾರಿಯನ್ನು ಹಿಡಿದಿರುತ್ತದೆ. ಮಡಿಕೇರಿಯಿಂದ ಮೂರು ಗಂಟೆ ಕಾರಿನಲ್ಲಿ ಬಂದ ಸಕ್ಕರೆ ಕಾಯಿಲೆಯ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ. ನೀರು ಕುಡಿಯದೆ ಬಾಯಿ ಒಣಗಿಸಿಕೊಂಡು ಕೂರುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಲ್ದಾಣದಲ್ಲಿ ಭದ್ರತಾ ತಪಾಸಣೆ ಮುಗಿದ ಮೇಲೆ, ವಿಮಾನಕ್ಕೆ ಕರೆಯುವ ಮೊದಲು ಶೌಚಾಲಯಕ್ಕೆ ಹೋಗಿಬರುವುದನ್ನು ಮನೆಯವರೇ ನೆನಪಿಸಬೇಕು.

ಸದ್ದು, ಕುಲುಕಾಟ

ಎಟಿಆರ್‌ನ ಸದ್ದು ಜೆಟ್ ವಿಮಾನದ ಸದ್ದಿನಂತಲ್ಲ. ಇದರ ಪ್ರೊಪೆಲ್ಲರ್‌ಗೆ ಆರು ಅಲಗುಗಳು. ಪೂರ್ಣ ವೇಗದಲ್ಲಿ ಅದು ನಿಮಿಷಕ್ಕೆ 1,200 ಸುತ್ತು ತಿರುಗುತ್ತದೆ. ಅಂದರೆ ವಿಮಾನದ ಗೋಡೆಯ ಪಕ್ಕದಲ್ಲಿ ಸೆಕೆಂಡಿಗೆ 120 ಸಲ ಒಂದು ಅಲಗು ಹಾದುಹೋಗಿ ಗಾಳಿಯನ್ನು ಬಡಿಯುತ್ತದೆ. ಮೇಲೇರಿದ ಬಳಿಕ ಸುತ್ತು ಇಳಿಸಿದಾಗ ಈ ಬಡಿತ ನೂರರ ಒಳಗೆ ಬರುತ್ತದೆ. ಇದು ಕಿವಿಗಿಂತ ಎದೆಗೂಡಿಗೆ, ಹಲ್ಲುಗಳಿಗೆ ತಾಗುವ ಮಂದ್ರ ಸದ್ದು. ಹತ್ತಿಯನ್ನೋ ಸ್ಪಂಜಿನ ಬಿರಡೆಯನ್ನೋ ಕಿವಿಗೆ ತುರುಕಿದರೆ ಮೇಲುಸ್ತರದ ಸದ್ದು ತಗ್ಗುತ್ತದೆ, ಈ ಮಂದ್ರ ಗುಂಯ್‌ಗುಡುವಿಕೆ ಅಷ್ಟಾಗಿ ತಗ್ಗುವುದಿಲ್ಲ. ಸದ್ದನ್ನು ಎದುರುಸದ್ದಿನಿಂದ ಅಳಿಸುವ ಹೆಡ್‌ಫೋನ್‌ಗಳು ಚೆನ್ನಾಗಿ ಕೆಲಸ ಮಾಡುವುದು ಇಂಥ ಮಂದ್ರ ಸದ್ದಿನ ಮೇಲೆಯೇ.

ಎಲ್ಲಿ ಕೂರುತ್ತೇವೆ ಎಂಬುದೂ ಮುಖ್ಯ. ಪ್ರೊಪೆಲ್ಲರ್ ತಿರುಗುವ ನೇರಕ್ಕೆ, ಅಂದರೆ ರೆಕ್ಕೆಗಿಂತ ತುಸು ಮುಂದೆ ಇರುವ ಸಾಲುಗಳಲ್ಲಿ ಸದ್ದು ಅತಿ ಹೆಚ್ಚು. ಹಿಂದೆ ಹೋದಷ್ಟೂ ಕಡಿಮೆ. ಜೆಟ್‌ನಲ್ಲಿ ಮುಂದಿನ ಸಾಲು ಒಳ್ಳೆಯದೆಂದು ರೂಢಿಯಾದವರು ಎಟಿಆರ್‌ನಲ್ಲಿಯೂ ಹೆಚ್ಚು ಹಣ ಕೊಟ್ಟು ಮುಂದಿನ ಸಾಲು ಹಿಡಿಯುತ್ತಾರೆ. ಇಲ್ಲಿ ಹತ್ತುವ ಇಳಿಯುವ ಬಾಗಿಲು ಇರುವುದು ಹಿಂದೆ. ಹಾಗಾಗಿ ಮುಂದೆ ಕುಳಿತವರೇ ಕೊನೆಗೆ ಇಳಿಯುತ್ತಾರೆ.

ಪ್ರಯಾಣಿಕರನ್ನು ಬೆಚ್ಚಿಬೀಳಿಸುವ ಇನ್ನೆರಡು ಸದ್ದುಗಳ ಬಗ್ಗೆ ಮೊದಲೇ ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ. ಮೇಲೇರಿದ ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಒಮ್ಮೆಲೇ ತಗ್ಗುತ್ತದೆ. ಎಂಜಿನ್ ನಿಂತಿತೇ ಎಂದು ಎದೆ ಧಸಕ್ಕೆನ್ನುತ್ತದೆ. ಅದು ಪೈಲಟ್ ಪ್ರೊಪೆಲ್ಲರ್‌ನ ಸುತ್ತನ್ನು ಇಳಿಸಿದ ಸದ್ದು ಮಾತ್ರ. ನೆಲ ಮುಟ್ಟಿದ ಕೂಡಲೇ ಜೋರಾಗಿ ಮೊರೆದ ಸದ್ದು ಬರುತ್ತದೆ. ಅದು ಅಲಗುಗಳ ಕೋನವನ್ನು ತಿರುಗಿಸಿ ಗಾಳಿಯನ್ನು ಮುಂದಕ್ಕೆ ತಳ್ಳಿ ವೇಗ ತಗ್ಗಿಸುವ ಕ್ರಮ. ಗಗನಸಖಿಯರು ತುರ್ತು ಬಾಗಿಲುಗಳ ಬಗ್ಗೆ ಹೇಳುವಾಗ ಈ ಎರಡು ವಾಕ್ಯಗಳನ್ನೂ ಸೇರಿಸಿದರೆ ಯಾರಿಗೂ ನಷ್ಟವಿಲ್ಲ. ಅದನ್ನು ಕನ್ನಡದಲ್ಲಿಯೂ ಹೇಳಬೇಕು.

ಕುಲುಕಾಟದ ಬಗ್ಗೆ ಜನರಲ್ಲಿರುವ ನಂಬಿಕೆ, ವಿಮಾನ ಸಣ್ಣದಾದಷ್ಟೂ ಅಲ್ಲಾಡುವುದು ಹೆಚ್ಚು ಎಂಬುದು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗಾಳಿಯ ಹೊಡೆತಕ್ಕೆ ವಿಮಾನ ಎಷ್ಟು ಅದುರುತ್ತದೆ ಎನ್ನುವುದು ರೆಕ್ಕೆಯ ಪ್ರತಿ ಚದರ ಮೀಟರ್ ಎಷ್ಟು ಭಾರ ಹೊತ್ತಿದೆ ಮತ್ತು ವಿಮಾನ ಎಷ್ಟು ವೇಗವಾಗಿ ಹೋಗುತ್ತಿದೆ ಎಂಬುದನ್ನು ಅವಲಂಬಿಸಿದೆ. 23 ಟನ್ ತೂಕದ ಎಟಿಆರ್-72ಗೆ 61 ಚದರ ಮೀಟರ್ ರೆಕ್ಕೆ. ಒಂದು ಚದರ ಮೀಟರಿಗೆ ಸುಮಾರು 375 ಕಿಲೊ. 79 ಟನ್‌ನ ಎ320 ಜೆಟ್‌ನಲ್ಲಿ ಅದು ಸುಮಾರು 640 ಕಿಲೊ. ಈ ಲೆಕ್ಕದಲ್ಲಿ ಎಟಿಆರ್ ಹಗುರ, ಹೆಚ್ಚು ಅದುರಬೇಕು. ಆದರೆ ಅದರ ವೇಗವೂ ಕಡಿಮೆ. ಗಂಟೆಗೆ ಸುಮಾರು 510 ಕಿ.ಮೀ.; ಜೆಟ್‌ನದು 800 ದಾಟುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ವಿಮಾನದ ಗುಣದಿಂದಲೇ ಬರುವ ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ದೊಡ್ಡ ಅಂತರ ಬರುವುದು ಎತ್ತರದಿಂದ. ಜೆಟ್ 35,000 ಅಡಿಯ ಆಸುಪಾಸಿನ ತೆಳುವಾದ ಗಾಳಿಗೆ ಏರಿಹೋಗುತ್ತದೆ. ಎಟಿಆರ್ 25,000 ಅಡಿ ಮೀರುವಂತಿಲ್ಲ, ನಮ್ಮ ಸಣ್ಣ ದೂರಗಳಲ್ಲಿ 15,000ದಿಂದ 20,000 ಅಡಿಗಳಲ್ಲೇ ಹಾರುತ್ತದೆ. ಬೇಸಿಗೆಯ ಮಧ್ಯಾಹ್ನ ನೆಲ ಕಾದು ಬಿಸಿಗಾಳಿ ಮೇಲೇಳುವಾಗ ಹುಟ್ಟುವ ಗುಡ್ಡೆಮೋಡಗಳು ನಿಂತಿರುವುದು ಈ ಪದರದಲ್ಲಿ. ಮಳೆಗಾಲದಲ್ಲಿ ಅರಬ್ಬೀ ಸಮುದ್ರದಿಂದ ಬಂದ ಗಾಳಿ ಪಶ್ಚಿಮಘಟ್ಟಕ್ಕೆ ಬಡಿದು ಮೇಲೇಳುವುದು, ಬೆಟ್ಟ ದಾಟಿ ಸುಳಿಯಾಗಿ ಇಳಿಯುವುದು ಕೂಡ ಈ ಪದರದ ಕೆಳಭಾಗದಲ್ಲಿ. ಪುಷ್ಪಗಿರಿ, ಬ್ರಹ್ಮಗಿರಿಗಳ ಮೇಲೆ ಆಷಾಢದಲ್ಲಿ ಮೋಡ ಹೇಗೆ ಉರುಳುತ್ತದೆ ಎಂದು ಅಂಗಳದಲ್ಲಿ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಕಣ್ಣೂರು ಅಥವಾ ಮಂಗಳೂರಿನಿಂದ ಘಟ್ಟ ದಾಟಿ ಬೆಂಗಳೂರಿಗೆ ಹೋಗುವ ಎಟಿಆರ್ ಮೊದಲ ಇಪ್ಪತ್ತು ನಿಮಿಷ ಕುಲುಕಿದರೆ ಅದು ನಡುಗುತ್ತಿರುವುದು ಘಟ್ಟದ ಗಾಳಿಗೆ.

ಇದರಿಂದ ಪ್ರಯಾಣಿಕರಿಗೆ ಸಿಗುವ ಉಪಯೋಗದ ಮಾತು ಸರಳ. ಬೆಳಗಿನ ವಿಮಾನ ಮಧ್ಯಾಹ್ನದ ವಿಮಾನಕ್ಕಿಂತ ನೆಮ್ಮದಿ. ಮಾರ್ಚ್‌ನಿಂದ ಮೇ ತನಕವಂತೂ ಇದು ಖಚಿತ. ರೆಕ್ಕೆಯ ಹಿಂದಂಚಿನ ಆಸುಪಾಸಿನ ಸಾಲುಗಳಲ್ಲಿ ಕುಲುಕಾಟವೂ ಕಡಿಮೆ, ಸದ್ದೂ ತಡೆಯಬಹುದಾದಷ್ಟು. ಬಾಲದ ಕಡೆ ಸದ್ದು ಇನ್ನೂ ಕಡಿಮೆ, ಆದರೆ ಎಗರಾಟ ಹೆಚ್ಚು. ವಾಂತಿ ಬರುವ ಅಭ್ಯಾಸವಿದ್ದವರು ಮಾತ್ರೆಯನ್ನು ವಿಮಾನ ಹತ್ತಿದ ಮೇಲೆ ನುಂಗಿದರೆ ಅದು ಕೆಲಸ ಮಾಡುವಷ್ಟರಲ್ಲಿ ಊರು ಬಂದಿರುತ್ತದೆ. ಕೊಡಗಿನವರಂತೂ ಅದನ್ನು ಘಾಟಿ ಇಳಿಯುವ ಮೊದಲೇ, ವೈದ್ಯರನ್ನು ಕೇಳಿ, ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸುವುದು ಮಾಕುಟ್ಟದಲ್ಲೇ ಶುರುವಾಗಿರುತ್ತದೆ. ವಿಮಾನದ ಕುಲುಕಾಟ ಅದನ್ನು ಪೂರೈಸುತ್ತದೆ ಅಷ್ಟೇ.

ಒಂದು ವಿಷಯದಲ್ಲಿ ಸಣ್ಣ ವಿಮಾನ ಜೆಟ್‌ಗಿಂತ ಮೇಲು. ವಿಮಾನದೊಳಗಿನ ಗಾಳಿಯ ಒತ್ತಡವನ್ನು ನೆಲಮಟ್ಟದಲ್ಲಿರುವಷ್ಟೇ ಇಟ್ಟುಕೊಳ್ಳಲು ಆಗುವುದಿಲ್ಲ. ಎತ್ತರದಲ್ಲಿ ಹಾರುವ ಜೆಟ್‌ನ ಒಳಗೆ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡ ಇರುತ್ತದೆ. ತಡಿಯಂಡಮೋಳ್ ಶಿಖರ 1,748 ಮೀಟರ್, ಅಂದರೆ 5,700 ಅಡಿ ಚಿಲ್ಲರೆ. ಜೆಟ್‌ನಲ್ಲಿ ಕುಳಿತವರು ಅದಕ್ಕಿಂತ ಎತ್ತರದ ಗಾಳಿಯನ್ನು ಉಸಿರಾಡುತ್ತಾರೆ. 17,000 ಅಡಿಯಲ್ಲಿ ಹಾರುವ ಎಟಿಆರ್‌ನ ಒಳಗೆ ಒತ್ತಡ ಇದಕ್ಕಿಂತ ಸಾಕಷ್ಟು ಹಿತವಾಗಿರುತ್ತದೆ. ಉಸಿರಾಟದ ತೊಂದರೆಯಿರುವ ಹಿರಿಯರ ಮಟ್ಟಿಗೆ ಇದು ನಿಜವಾದ ಅನುಕೂಲ.

ಬಿಸಿಲಿನಲ್ಲಿ ನಿಂತ ವಿಮಾನ

ನನ್ನ ತಕರಾರು ಇರುವುದು ವಿಮಾನ ಹಾರುವ ಮೊದಲಿನ ಅರ್ಧ ಗಂಟೆಯ ಬಗ್ಗೆ. ಪ್ರಯಾಣಿಕರು ಪ್ರೊಪೆಲ್ಲರ್ ವಿಮಾನವನ್ನು ದ್ವೇಷಿಸಲು ಕಲಿಯುವುದು ಆ ಹೊತ್ತಿನಲ್ಲಿಯೇ.

ದೊಡ್ಡ ಜೆಟ್ ವಿಮಾನಗಳ ಬಾಲದಲ್ಲಿ ಎಪಿಯು ಎಂಬ ಪುಟ್ಟ ಎಂಜಿನ್ ಇರುತ್ತದೆ. ವಿಮಾನ ನಿಂತಿರುವಾಗ ಮುಖ್ಯ ಎಂಜಿನ್‌ಗಳನ್ನು ಆರಿಸಿದ್ದರೂ ಅದು ವಿದ್ಯುತ್ತನ್ನೂ ತಂಪು ಗಾಳಿಗೆ ಬೇಕಾದ ಒತ್ತಡವನ್ನೂ ಒದಗಿಸುತ್ತದೆ. ಎಟಿಆರ್‌ನಲ್ಲಿ ತೂಕ ಉಳಿಸಲು ಆ ಎಂಜಿನ್ನನ್ನು ಇಟ್ಟಿಲ್ಲ. ಬದಲಿಗೆ ಬಲಗಡೆಯ ಮುಖ್ಯ ಎಂಜಿನ್ನನ್ನು ಚಾಲೂ ಮಾಡಿ, ಅದರ ಪ್ರೊಪೆಲ್ಲರ್ ಮಾತ್ರ ತಿರುಗದಂತೆ ಬ್ರೇಕ್ ಹಾಕಿ ಹಿಡಿಯುವ ಏರ್ಪಾಡು ಇದೆ. ಇದನ್ನು ಹೋಟೆಲ್ ಮೋಡ್ ಎನ್ನುತ್ತಾರೆ. ಎಡಗಡೆಯ ಬಾಗಿಲಿನಿಂದ ಪ್ರಯಾಣಿಕರು ಹತ್ತುತ್ತಿರುವಾಗ ಬಲಗಡೆ ಎಂಜಿನ್ ಸದ್ದು ಮಾಡುತ್ತಿರುತ್ತದೆ, ಅಲಗುಗಳು ಮಾತ್ರ ನಿಶ್ಚಲ. ಗಮನಿಸಿ ನೋಡಿದರೆ ಎಂಜಿನ್ ಹಿಂದಿನ ಗಾಳಿ ಕಾವಿಗೆ ನಡುಗುವುದು ಕಾಣುತ್ತದೆ. ಒಳಗೆ ತಂಪು ಗಾಳಿ ಬರುವುದು ಆ ಎಂಜಿನ್‌ನಿಂದ.

ಆದರೆ ಈ ಎಂಜಿನ್ ಸುಮ್ಮನೆ ತಿರುಗಿದರೂ ಇಂಧನ ಸುಡುತ್ತದೆ. ಅದು ಓಡುವ ಗಂಟೆಗಳು ನಿರ್ವಹಣೆಯ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಬಹಳಷ್ಟು ಸಲ ಎರಡೂ ಎಂಜಿನ್ ಆರಿಸಿ, ನೆಲದ ಮೇಲಿನ ಗಾಡಿಯೊಂದರಿಂದ ವಿದ್ಯುತ್ ಮಾತ್ರ ಕೊಡುತ್ತಾರೆ. ವಿದ್ಯುತ್ತಿನಿಂದ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ. ಗಾಳಿ ತಂಪಾಗುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ನೆರಳಿಲ್ಲದ ಕಾಂಕ್ರೀಟಿನ ಮೇಲೆ ನಿಂತ ಲೋಹದ ಕೊಳವೆಯೊಳಗೆ 78 ಜನ ಇಪ್ಪತ್ತು ನಿಮಿಷ ಕುಳಿತರೆ ಏನಾಗುತ್ತದೆಯೋ ಅದೇ ಆಗುತ್ತದೆ. ಸುರಕ್ಷತೆಯ ಸೂಚನಾಪತ್ರವನ್ನೇ ಬೀಸಣಿಗೆ ಮಾಡಿಕೊಂಡು ಎಲ್ಲರೂ ಬೀಸಿಕೊಳ್ಳುವ ದೃಶ್ಯ ಈ ವಿಮಾನಗಳಲ್ಲಿ ಮಾಮೂಲು. ಕೂಸುಗಳು ಅಳಲು ಶುರುಮಾಡುವುದು ಆಗಲೇ. ಮಡಿಕೇರಿಯ ತಂಪಿಗೆ ಸ್ವೆಟರ್ ಹಾಕಿಕೊಂಡು ಹೊರಟ ಅಜ್ಜಿಗೆ ತಲೆ ಸುತ್ತುವುದೂ ಆಗಲೇ.

ಇದಕ್ಕೆ ದಾರಿಯಿಲ್ಲವೇ? ಇದೆ. ತಂಪು ಗಾಳಿಯನ್ನು ಹೊರಗಿನಿಂದ ಕೊಳವೆಯ ಮೂಲಕ ತುಂಬುವ ಗಾಡಿಗಳಿವೆ, ಎಟಿಆರ್‌ನಲ್ಲಿ ಅದನ್ನು ಜೋಡಿಸುವ ಕಿಂಡಿಯೂ ಇದೆ. ಸಣ್ಣ ನಿಲ್ದಾಣಗಳಲ್ಲಿ ದಿನಕ್ಕೆ ಕೆಲವೇ ವಿಮಾನಗಳು ಬರುವುದರಿಂದ ಇಂಥದ್ದಕ್ಕೆ ಯಾರು ಹಣ ಹಾಕಬೇಕು ಎಂಬಲ್ಲಿ ವಿಷಯ ನಿಂತುಬಿಡುತ್ತದೆ. ಕಂಪನಿ ನಿಲ್ದಾಣವನ್ನು ತೋರಿಸುತ್ತದೆ, ನಿಲ್ದಾಣ ಕಂಪನಿಯನ್ನು ತೋರಿಸುತ್ತದೆ. ಹಣವೇ ಬೇಡದ ದಾರಿಯೂ ಒಂದಿದೆ. ವಿಮಾನ ಹೊರಡಲು ಅನುಮತಿ ತಡವಾಗುತ್ತದೆ ಎಂದು ಗೊತ್ತಿದ್ದರೆ ಪ್ರಯಾಣಿಕರನ್ನು ಕಟ್ಟಡದೊಳಗೇ ಕೂರಿಸುವುದು. ವಿಮಾನದ ಬಾಗಿಲು ಬೇಗ ಮುಚ್ಚಿದರೆ ಸಮಯಪಾಲನೆಯ ದಾಖಲೆ ಚೆನ್ನಾಗಿ ಕಾಣುತ್ತದೆ. ಆ ದಾಖಲೆಗಾಗಿ ಜನರನ್ನು ಒಳಗೆ ಬೇಯಿಸುವುದು ತಪ್ಪು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಇನ್ನು ಮೆಟ್ಟಿಲು. ಎಟಿಆರ್‌ನ ಬಾಗಿಲೇ ಮಡಚಿಕೊಂಡು ಇಳಿದು ಮೆಟ್ಟಿಲಾಗುತ್ತದೆ. ಕೆಲವೇ ಮೆಟ್ಟಿಲು, ಆದರೆ ಕಡಿದಾದವು, ಕಿರಿದಾದವು. ಮಂಡಿ ಸವೆದವರಿಗೆ ಅವು ಪರ್ವತ. ನಮ್ಮ ಚಿಕ್ಕಮ್ಮನ ಮಂಡಿ ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿದ್ದೆವು. ಕುರ್ಚಿ ವಿಮಾನದ ಬುಡದ ತನಕ ಬಂತು, ಅಲ್ಲಿಗೆ ಮುಗಿಯಿತು. ಮೇಲೆತ್ತುವ ಯಂತ್ರ ಇನ್ನೊಂದು ವಿಮಾನಕ್ಕೆ ಹೋಗಿದೆ ಎಂದರು. "ನೀನು ಹಿಂದಿನಿಂದ ಹಿಡಿದುಕೋ ಮಗ, ನಾನು ಕಂಬಿ ಹಿಡಿದು ಹತ್ತುತ್ತೇನೆ" ಎಂದರು ಚಿಕ್ಕಮ್ಮ. ಜಿಟಿಜಿಟಿ ಮಳೆ ಬೀಳುತ್ತಿತ್ತು. ಮೆಟ್ಟಿಲ ಮೇಲಿನ ನೀರನ್ನು ಒರೆಸಲು ಒಂದು ಬಟ್ಟೆಯಾಗಲಿ, ತಲೆಯ ಮೇಲೆ ಹಿಡಿಯಲು ಸಾಕಷ್ಟು ಕೊಡೆಗಳಾಗಲಿ ಇರಲಿಲ್ಲ. ಅವರು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ನಿಂತು, ಉಸಿರು ತೆಗೆದುಕೊಂಡು ಹತ್ತಿದರು. ಹಿಂದಿನ ಸಾಲಿನಲ್ಲಿದ್ದವರು ಮಳೆಯಲ್ಲಿ ನೆನೆಯುತ್ತಿದ್ದರೂ ಒಬ್ಬರೂ ಗೊಣಗಲಿಲ್ಲ ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ಹೇಳಬೇಕು.

ಅಂಗವಿಕಲರು ಮತ್ತು ಓಡಾಟಕ್ಕೆ ತೊಂದರೆಯಿರುವವರನ್ನು ಹೇಗೆ ಕರೆದೊಯ್ಯಬೇಕು ಎಂಬ ಬಗ್ಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಸ್ಪಷ್ಟ ನಿಯಮಗಳಿವೆ. 2024ರ ಫೆಬ್ರುವರಿಯಲ್ಲಿ ಮುಂಬಯಿ ನಿಲ್ದಾಣದಲ್ಲಿ ಗಾಲಿಕುರ್ಚಿ ಸಾಲದೆ ನಡೆದುಹೋದ ಹಿರಿಯರೊಬ್ಬರು ಕುಸಿದು ತೀರಿಕೊಂಡಾಗ ನಿರ್ದೇಶನಾಲಯ ಸಂಬಂಧಪಟ್ಟ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತ್ತು. ದೊಡ್ಡ ನಿಲ್ದಾಣದಲ್ಲಿ ಹೀಗಾದರೆ ಸುದ್ದಿಯಾಗುತ್ತದೆ. ಸಣ್ಣ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಆಗುವುದು ಮನೆಯವರಿಗಷ್ಟೇ ಗೊತ್ತಾಗುತ್ತದೆ. ಎಟಿಆರ್‌ನ ಬಾಗಿಲು ನೆಲದಿಂದ ಹೆಚ್ಚು ಎತ್ತರದಲ್ಲಿಲ್ಲ. ಜೆಟ್‌ಗೆ ಬೇಕಾಗುವಂಥ ದುಬಾರಿ ಯಂತ್ರವಿಲ್ಲದೆ ಇಳಿಜಾರು ಹಲಗೆಯಿಂದಲೇ ಗಾಲಿಕುರ್ಚಿಯನ್ನು ಮೇಲೇರಿಸಬಹುದು. ನಿವೃತ್ತ ಸೈನಿಕರೂ ಒಂಟಿಯಾಗಿರುವ ವೃದ್ಧ ತಂದೆತಾಯಂದಿರೂ ಇಷ್ಟೊಂದು ಸಂಖ್ಯೆಯಲ್ಲಿರುವ ಕೊಡಗಿನಂಥ ಜಿಲ್ಲೆಗೆ ಸೇವೆ ಕೊಡುವ ನಿಲ್ದಾಣಗಳಲ್ಲಿ ಇದು ಮೊದಲ ಅಗತ್ಯವಾಗಬೇಕಿತ್ತು.

ಸಾಮಾನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ತಲೆಯ ಮೇಲಿನ ಗೂಡು ಸಣ್ಣದು. ಜೆಟ್‌ಗೆ ಸರಿಹೊಂದುವ ಗಾಲಿಪೆಟ್ಟಿಗೆ ಇಲ್ಲಿ ಹಿಡಿಸದೆ ಮೆಟ್ಟಿಲ ಬುಡದಲ್ಲೇ ಅದನ್ನು ಕೆಳಗಿನ ಸಾಮಾನಿಗೆ ಹಾಕಿಸುತ್ತಾರೆ. ಔಷಧಿ, ಕಾಗದಪತ್ರ, ಒಡವೆ ಒಂದು ಪುಟ್ಟ ಕೈಚೀಲದಲ್ಲಿ ಬೇರೆ ಇರಲಿ. ಬೆಂಗಳೂರಿನ ಮಗಳ ಮನೆಗೆ ಕಾಚಂಪುಳಿ (ಅಡುಗೆಗೆ ಬಳಸುವ ಕೊಡಗಿನ ಕಪ್ಪು ಹುಳಿರಸ) ಒಯ್ಯುವವರು ಬಾಟಲಿಯನ್ನು ಕಂಠಮಟ್ಟ ತುಂಬಬೇಡಿ. ಮೇಲೆ ಹೋದಾಗ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿಯಿಂದ ರಸ ಜಿನುಗುತ್ತದೆ, ಆ ಕಪ್ಪು ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಹತ್ತಿದ ಮೇಲೆ ಖಾಲಿ ಆಸನಕ್ಕೆ ಹೋಗಿ ಕೂರಬೇಡಿ ಎಂದು ಗಗನಸಖಿ ಹೇಳಿದರೆ ಮುನಿಸು ಬೇಡ. ಸಣ್ಣ ವಿಮಾನದಲ್ಲಿ ಕೆಲವರು ಹಿಂದೆ ಮುಂದೆ ಆದರೂ ಸಮತೋಲದ ಲೆಕ್ಕ ಬದಲಾಗುತ್ತದೆ. ಜನ ಹತ್ತುವಾಗ ಬಾಲದ ಅಡಿಗೆ ಒಂದು ಊರುಗೋಲನ್ನೇ ಕೊಟ್ಟಿರುತ್ತಾರೆ.

ಬರುತ್ತದೋ ಇಲ್ಲವೋ

ಮಡಿಕೇರಿಯಿಂದ ಮಂಡಕಳ್ಳಿಗೆ ಸುಮಾರು 120 ಕಿ.ಮೀ., ಮೂರು ಗಂಟೆ. ನಿಲ್ದಾಣದಲ್ಲಿ ಒಂದೂವರೆ ಎರಡು ಗಂಟೆ. ಹಾರಾಟ ಒಂದು ಗಂಟೆ ಚಿಲ್ಲರೆ. ಆ ಕಡೆ ಇಳಿದು ಊರೊಳಗೆ ಹೋಗಲು ಇನ್ನೊಂದು ಗಂಟೆ. ಏಳು ಗಂಟೆಯ ಪ್ರಯಾಣದಲ್ಲಿ ಆಕಾಶದಲ್ಲಿರುವುದು ಒಂದು ಗಂಟೆ ಮಾತ್ರ. ಕೊಡಗಿನವರ ಸೌಕರ್ಯವನ್ನು ಆ ಒಂದು ಗಂಟೆಯಿಂದ ಅಳೆಯಲು ಬರುವುದಿಲ್ಲ.

ಈ ಲೆಕ್ಕದಲ್ಲಿ ಅತಿ ದೊಡ್ಡ ಅಸೌಕರ್ಯ ಅನಿಶ್ಚಿತತೆ. ಬೆಂಗಳೂರಿನಲ್ಲಿ ವಿಮಾನ ರದ್ದಾದರೆ ಮನೆಗೆ ಹೋಗಿ ಮರುದಿನ ಬರಬಹುದು, ಇಲ್ಲವೇ ಇನ್ನೆರಡು ಗಂಟೆಯಲ್ಲಿ ಬೇರೆ ವಿಮಾನ ಸಿಗುತ್ತದೆ. ದಿನಕ್ಕೆ ಒಂದೋ ಎರಡೋ ಹಾರಾಟ ಇರುವ ಕಡೆ ಒಂದು ರದ್ದಾದರೆ ಆ ದಿನವೇ ಮುಗಿಯಿತು. ಮಳೆಗಾಲದಲ್ಲಿ ವಾಪಸು ಮಾಕುಟ್ಟ ಹತ್ತುವಷ್ಟರಲ್ಲಿ ಮರ ಬಿದ್ದಿದೆಯೋ, ಮಣ್ಣು ಜಾರಿದೆಯೋ ಯಾರಿಗೆ ಗೊತ್ತು? 2018 ಮತ್ತು 2019ರ ಮಳೆಗಳಲ್ಲಿ ಆ ರಸ್ತೆ ಏನಾಯಿತು ಎಂಬುದನ್ನು ನಾವು ಕಂಡಿದ್ದೇವೆ.

ನಿಯಮಗಳು ಪ್ರಯಾಣಿಕರ ಪರ ಇವೆ, ಆದರೆ ಅವುಗಳಲ್ಲಿ ಸಂದುಗಳೂ ಇವೆ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ಕಂಪನಿ ಊಟ ತಿಂಡಿ ಕೊಡಬೇಕು. ಆರು ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ. ಮೊದಲೇ ತಿಳಿಸದೆ ರದ್ದು ಮಾಡಿದರೆ ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆಯೊಳಗಿನದಕ್ಕೆ 7,500 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಯಾವುದು ಕಡಿಮೆಯೋ ಅದು ಪರಿಹಾರ. ಹವಾಮಾನದಂಥ ಕಾರಣವಾದರೆ ಈ ಪರಿಹಾರ ಇಲ್ಲ. ಹವಾಮಾನ ಕಂಪನಿಯ ಕೈಯಲ್ಲಿಲ್ಲ, ಒಪ್ಪೋಣ. ಆದರೆ ನಿಯಮದ ಲೆಕ್ಕ ನಿಲ್ದಾಣದ ಬಾಗಿಲಿನಿಂದ ಶುರುವಾಗುತ್ತದೆ. ನಾಲ್ಕು ಸಾವಿರ ಕೊಟ್ಟು ಬಾಡಿಗೆ ಕಾರಿನಲ್ಲಿ ಘಾಟಿ ಇಳಿದು ಬಂದವರ ಲೆಕ್ಕ ಅದರಲ್ಲಿಲ್ಲ. ಕನಿಷ್ಠ ಪಕ್ಷ, ಮನೆ ಬಿಡುವ ಮೊದಲೇ ತಿಳಿಸಬೇಕು. ಎಟಿಆರ್ ಒಂದೇ ದಿನ ನಾಲ್ಕೈದು ಊರು ಸುತ್ತುತ್ತದೆ. ಬೆಳಗ್ಗೆ ಎಲ್ಲೋ ಒಂದು ಕಡೆ ತಡವಾದದ್ದು ಸಂಜೆಗೆ ನಮ್ಮ ತನಕ ಬರುತ್ತದೆ. ಮೂರು ನಾಲ್ಕು ಗಂಟೆ ಮುಂಚೆಯೇ ಕಂಪನಿಗೆ ಇದರ ಅಂದಾಜು ಸಿಕ್ಕಿರುತ್ತದೆ. ಅದನ್ನು ಪ್ರಯಾಣಿಕರ ಮೊಬೈಲಿಗೆ ಆಗಲೇ ಕಳುಹಿಸಲು ಅಡ್ಡಿಯೇನು?

ಕೂಡಿಗೆಯಲ್ಲಿ ಯಾವ ವಿಮಾನ?

ಈಗ ಕೂಡಿಗೆಗೆ ಬರೋಣ. ಅಲ್ಲಿ ಗುರುತಿಸಿದ ಸರ್ಕಾರಿ ಜಾಗ ಸುಮಾರು 50 ಎಕರೆ. ಅಂದರೆ ಎರಡು ಲಕ್ಷ ಚದರ ಮೀಟರ್. ಒಂದು ಕಿ.ಮೀ. ಉದ್ದ, 200 ಮೀಟರ್ ಅಗಲದ ಪಟ್ಟಿ ಎಂದು ಕಲ್ಪಿಸಿಕೊಳ್ಳಿ. ಸಮುದ್ರಮಟ್ಟದಲ್ಲಿ, ಹಿತವಾದ ಹವೆಯಲ್ಲಿಯೇ ತುಂಬಿದ ಎಟಿಆರ್-72ಗೆ 1,300 ಮೀಟರ್‌ನಷ್ಟು ಓಟ ಬೇಕು. ಕುಶಾಲನಗರದ ಎತ್ತರದಲ್ಲಿ ಗಾಳಿ ತೆಳು, ಇನ್ನೂ ಹೆಚ್ಚು ಬೇಕು. ಹಾಗಾಗಿ ಕೂಡಿಗೆಯಲ್ಲಿ ಎಟಿಆರ್ ಇಳಿಯುತ್ತದೆ ಎಂಬ ಆಸೆಯನ್ನು ಈ ಜಾಗದ ಮಟ್ಟಿಗೆ ಬಿಡಬೇಕು. ಅಲ್ಲಿ ಸಾಧ್ಯವಾಗುವುದು 9ರಿಂದ 19 ಆಸನದ ವಿಮಾನಗಳು. ಕಾನ್ಪುರದಲ್ಲಿ ಎಚ್‌ಎಎಲ್ ತಯಾರಿಸುವ ಡಾರ್ನಿಯರ್-228 ಅವುಗಳಲ್ಲಿ ಒಂದು. 2022ರ ಏಪ್ರಿಲ್‌ನಲ್ಲಿ ಅಲಯನ್ಸ್ ಏರ್ ಅದನ್ನು ದಿಬ್ರುಗಢ–ಪಾಸಿಘಾಟ್ ನಡುವೆ ಪ್ರಯಾಣಿಕರ ಸೇವೆಗೆ ಇಳಿಸಿತು.

ಡಾರ್ನಿಯರ್‌ನಲ್ಲಿ ಸೌಕರ್ಯದ ಮಾತೇ ಬೇರೆ. ಎಟಿಆರ್‌ನಲ್ಲಿರುವಂಥ, ಒಳಗೆ ಒತ್ತಡ ಕಾಯುವ ವ್ಯವಸ್ಥೆ ಇದರಲ್ಲಿ ಇಲ್ಲ; ಹೊರಗಿನ ಗಾಳಿಯ ಒತ್ತಡವೇ ಒಳಗೂ. ಆದ್ದರಿಂದ 10,000 ಅಡಿಯ ಆಸುಪಾಸಿನಲ್ಲೇ ಹಾರಬೇಕು, ಮೋಡದ ನಡುವೆಯೇ ಸಾಗಬೇಕು. ಕಿವಿಯ ಮಟ್ಟಿಗೆ ಹೆದರಬೇಕಾಗಿಲ್ಲ: ಬೆಂಗಳೂರೇ 3,000 ಅಡಿ ಎತ್ತರದಲ್ಲಿದೆ, ನಿಧಾನವಾಗಿ ಇಳಿದರೆ ಆರೇಳು ಸಾವಿರ ಅಡಿಯ ವ್ಯತ್ಯಾಸವನ್ನು ಕಿವಿ ತಾಳಿಕೊಳ್ಳುತ್ತದೆ. ಮಡಿಕೇರಿಯಿಂದ ಸುಳ್ಯಕ್ಕೆ ಒಂದೂವರೆ ಗಂಟೆಯಲ್ಲಿ ಮೂರೂವರೆ ಸಾವಿರ ಅಡಿಯಷ್ಟು ಇಳಿಯುವ ನಮ್ಮ ಮಕ್ಕಳಿಗೆ ಎಂಜಲು ನುಂಗಿ ಕಿವಿ ಬಿಡಿಸಿಕೊಳ್ಳುವುದು ಗೊತ್ತು. ನೆಗಡಿಯಾಗಿದ್ದರೆ ಮಾತ್ರ ಪ್ರಯಾಣ ಮುಂದೂಡುವುದು ಒಳಿತು. ಶೌಚಾಲಯ ಇರುವುದಿಲ್ಲ, ಆದರೆ ಹಾರಾಟ ಒಂದು ಗಂಟೆಯೊಳಗೆ ಮುಗಿಯುತ್ತದೆ. ಮಡಿಕೇರಿಯಿಂದ ಬೆಂಗಳೂರಿನ ಆಸ್ಪತ್ರೆಗೆ ಐದಾರು ಗಂಟೆ ರಸ್ತೆಯಲ್ಲಿ ಹೋಗುವ ರೋಗಿಗೆ ಈ ಸಣ್ಣ ವಿಮಾನದ ಸದ್ದು, ಕುಲುಕಾಟ ಎರಡೂ ಒಪ್ಪುವಂಥವೇ.

ಆದರೆ ಮಳೆಗಾಲದಲ್ಲಿ ಅದು ಎಷ್ಟು ದಿನ ಬಂದೀತು? ಮೋಡ ತಗ್ಗಿದಾಗ ಇಳಿಯಲು ದಾರಿ ತೋರುವ ಉಪಕರಣಗಳು ಬೇಕು, ಹವಾಮಾನ ಹೇಳುವ ಸಿಬ್ಬಂದಿ ಬೇಕು. ಬರಿಯ ಡಾಂಬರು ಪಟ್ಟಿ ಹಾಕಿ ಬಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್ ತನಕ, ನಮಗೆ ಅತಿ ಹೆಚ್ಚು ಬೇಕಾದಾಗಲೇ ಅದು ಮುಚ್ಚಿರುತ್ತದೆ. ಕೂಡಿಗೆಯಲ್ಲಿ ಭಾಗಮಂಡಲದಷ್ಟು ಮಳೆ ಇಲ್ಲ ಎಂಬುದು ಸಮಾಧಾನದ ಸಂಗತಿ, ಆದರೆ ಮೋಡ ಅಲ್ಲಿಗೂ ಬರುತ್ತದೆ.

2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ನಡುವೆ ಮೊದಲ ಹಾರಾಟ ಕಂಡ, ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ದರಮಿತಿ ಇಟ್ಟು, ಕಂಪನಿಗಳಿಗೆ ಮೂರು ವರ್ಷ ನಷ್ಟಭರ್ತಿ ಕೊಡಲಾಯಿತು. 2025ರ ಬಜೆಟ್‌ನಲ್ಲಿ ಅದನ್ನು ಮಾರ್ಪಡಿಸಿ 120 ಹೊಸ ಊರುಗಳಿಗೆ ವಿಸ್ತರಿಸುವುದಾಗಿ, ಗುಡ್ಡಗಾಡಿನ ಸಣ್ಣ ನಿಲ್ದಾಣಗಳಿಗೂ ನೆರವು ಕೊಡುವುದಾಗಿ ಘೋಷಿಸಲಾಗಿದೆ. ಕೊಡಗು ಆ ಪಟ್ಟಿಗೆ ಸೇರಬೇಕೆಂದು ಕೇಳುವ ನಮ್ಮ ಜನಪ್ರತಿನಿಧಿಗಳು ದರ ಮತ್ತು ಹಾರಾಟಗಳ ಸಂಖ್ಯೆಯ ಜೊತೆಗೆ ಇವನ್ನೂ ಬರೆಸಿಕೊಳ್ಳಲಿ: ಗಾಲಿಕುರ್ಚಿಗೆ ಇಳಿಜಾರು ಹಲಗೆ, ಮಳೆಗೆ ಮೇಲ್ಛಾವಣಿಯ ನಡೆದಾರಿ, ನಿಂತ ವಿಮಾನಕ್ಕೆ ತಂಪು ಗಾಳಿ, ರದ್ದಾದರೆ ಮನೆ ಬಿಡುವ ಮೊದಲೇ ಸೂಚನೆ. ನಷ್ಟಭರ್ತಿಯ ಹಣ ಸಾರ್ವಜನಿಕರದು. ಅದಕ್ಕೆ ಷರತ್ತು ಹಾಕುವ ಹಕ್ಕು ಸಾರ್ವಜನಿಕರಿಗಿದೆ.

ಕೂಡಿಗೆಗೆ ಕಾಯದೆ ಈಗಲೇ ಮಾಡಬಹುದಾದ್ದೂ ಒಂದಿದೆ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಓಡಿಸುತ್ತಿದೆ. ಅದೇ ಬಗೆಯಲ್ಲಿ ಮಡಿಕೇರಿ–ಕುಶಾಲನಗರ–ಹುಣಸೂರು ಮಾರ್ಗವಾಗಿ ಮಂಡಕಳ್ಳಿಗೆ, ವಿರಾಜಪೇಟೆಯಿಂದ ಮಟ್ಟನ್ನೂರಿಗೆ, ವಿಮಾನದ ವೇಳೆಗೆ ಹೊಂದಿಸಿ ತಲಾ ಒಂದು ಸಣ್ಣ ಬಸ್ ಹೊರಡಿಸಬೇಕು. ವಿಮಾನ ತಡವಾದರೆ ಬಸ್ ಕಾಯಬೇಕು, ರದ್ದಾದರೆ ಅದೇ ಬಸ್ ಜನರನ್ನು ವಾಪಸು ಕರೆತರಬೇಕು. ಮಟ್ಟನ್ನೂರಿನ ಬಸ್ಸಿಗೆ ಕೇರಳ ಸರ್ಕಾರದ ಒಪ್ಪಿಗೆ ಬೇಕಾಗುತ್ತದೆ. ಮಂಡಕಳ್ಳಿಯದಕ್ಕೆ ನಮ್ಮ ಸಾರಿಗೆ ನಿಗಮದ ಆದೇಶವೊಂದು ಸಾಕು.